ಒಂದು ಬೆರಳೂ ಬೆಳೆಯದ ಮಕ್ಕಳು

ಸೋಮವಾರ ಮಧ್ಯಾಹ್ನ, ಬಲೆ ಹಾಸಿ ಒಣಹಾಕಿದ್ದ ಬೆಳ್ಳಿಮೀನಿನ ಮೇಲೆ ರಕ್ತ ಚೆಲ್ಲಿದ್ದನ್ನು ಮೊದಲು ನೋಡಿದವಳು ಯಾಯೇರಿ. ಕಿರುಬೆರಳಿಗಿಂತ ಸಣ್ಣ ಮೀನು. ಅದರಲ್ಲಿ ಅಷ್ಟು ರಕ್ತ ಇರುವುದಿಲ್ಲ. ತಲೆಯೆತ್ತಿದಳು. ಬಲೆಯ ಆಚೆ ತುದಿಯಲ್ಲಿ ಮಗಳು ನೈಕೋಬಾ ಮಂಡಿಯೂರಿ ಕೂತಿದ್ದಳು. ಹದಿನೈದು ವರ್ಷದ ಹುಡುಗಿ. ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ, ರಕ್ತ ಬಂತು. ಒಂದು ಬೇಸಿನ್ ತುಂಬುವಷ್ಟು.

ಗುಡ್ಡದ ಮೇಲಿನ ಆಸ್ಪತ್ರೆಗೆ ಹೊತ್ತೊಯ್ಯಲು ನಾಲ್ಕು ಗಂಡಸರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆಯ ಹೊತ್ತಿಗೆ ಊರವರು ನಾಲೊಂಗೊಳ ಮನೆಯ ತಗಡಿನ ಮೇಲೆ ಕಲ್ಲು ತೂರುತ್ತಿದ್ದರು. ವರ್ಷಕ್ಕೊಮ್ಮೆ ಊರಿಗೆ ಹುಳುವಿನ ಮಾತ್ರೆ ಹಂಚುವ ಕೆಲಸ ಅವಳದು. ಮಾತ್ರೆ ಮಾರಿಕೊಂಡು ಮಗುವನ್ನು ಕೊಂದಳು ಎಂದು ಕೂಗಿದರು. ಹವಾಲ್ದಾರ ಎಗೆಸಾ ಅವಳನ್ನು ಎಳೆದು ತಂದು ಠಾಣೆಯೊಳಗೆ ಕೂಡಿ ಬೀಗ ಹಾಕಿದ. ಹಿಡಿದದ್ದಕ್ಕಿಂತ ಉಳಿಸಿದ್ದೇ ಹೆಚ್ಚು.

* * *

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಪೆರುಸಿ ಕಗೋಯಾ ಬಾಡಿಗೆ ಬೈಕಿನಿಂದ ಬುವಂಗಾ ಠಾಣೆಯ ಮುಂದೆ ಇಳಿದಳು. ನಲವತ್ತೊಂಬತ್ತು ವಯಸ್ಸು. ಹನ್ನೊಂದು ವರ್ಷ ದ್ವೀಪಗಳ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಮಂಡಿ ಕೈಕೊಟ್ಟ ಮೇಲೆ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಕುರ್ಚಿ ಸಿಕ್ಕಿತ್ತು. ಎದುರಿಗೆ ಒಂದು ಕಂಪ್ಯೂಟರು. ಉಗಾಂಡಾದ ಈ ಮೂಲೆಯಲ್ಲಿ, ವಿಕ್ಟೋರಿಯಾ ಸರೋವರದ ದಡದ ಒಂಬತ್ತು ಊರುಗಳಿಂದ ಮೊಬೈಲಿನಲ್ಲಿ ಬರುವ ವರದಿಗಳನ್ನು ನೋಡುವುದು ಅವಳ ಕೆಲಸ. ಯಾರು, ಎಷ್ಟು ಮಾತ್ರೆ, ನುಂಗಿದರೋ ಇಲ್ಲವೋ. ನೂರಕ್ಕೆ ತೊಂಬತ್ತು ಜನ ನುಂಗಿದರೆ ನಕಾಶೆಯಲ್ಲಿ ಆ ಊರು ಹಸಿರಾಗುತ್ತಿತ್ತು.

ಬುವಂಗಾ ಮೂರು ವರ್ಷದಿಂದ ಹಸಿರು. ಆ ನಕಾಶೆಗೆ ರುಜು ಹಾಕಿದವಳು ಅವಳೇ. ಹೋದ ತಿಂಗಳು ರಾಜಧಾನಿಯ ಸಭೆಯಲ್ಲಿ ಅದನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದ್ದರು. ಜನ ಚಪ್ಪಾಳೆ ಹೊಡೆದಿದ್ದರು. ಕೇಕು ಕತ್ತರಿಸಿದ್ದರು. ಅವಳೂ ಒಂದು ತುಂಡು ತಿಂದಿದ್ದಳು.

ಬರುವ ದಾರಿಯುದ್ದಕ್ಕೂ ಆ ಕೇಕಿನ ರುಚಿ ನಾಲಿಗೆಯ ಮೇಲೆ ಕಹಿಯಾಗಿ ಕೂತಿತ್ತು.

"ನಾಲ್ಕು ಗಂಟೆಗೆ ಮಣ್ಣು ಮಾಡ್ತಾರೆ ಮೇಡಂ," ಅಂದ ಎಗೆಸಾ. "ಮಣ್ಣಾದ ಮೇಲೆ ಸೀದಾ ಇಲ್ಲಿಗೆ ಬರ್ತಾರೆ. ಪೆಟ್ರೋಲ್ ತಂದಿಟ್ಕೊಂಡಿದಾರೆ. ಕೇಳಿದ್ರೆ ದೋಣಿ ಇಂಜಿನ್ನಿಗೆ ಅಂತಾರೆ. ಇವತ್ತು ಯಾವ ದೋಣೀನೂ ನೀರಿಗೆ ಇಳಿಯಲ್ಲ."

"ನೀವೆಷ್ಟು ಜನ ಇದ್ದೀರಿ?"

"ನಾನೊಬ್ಬ. ಈ ತಗಡಿನ ಬಾಗ್ಲು ಒಂದು. ಎರಡಕ್ಕೂ ಒಂದು ಒದೆ ಸಾಕು."

ಒಳಕೋಣೆಯಲ್ಲಿ ನಾಲೊಂಗೊ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳಿ ಮಕ್ಕಳನ್ನು ಹೆತ್ತವಳನ್ನು ಈ ಕಡೆ ಎಲ್ಲರೂ ನಾಲೊಂಗೊ ಎಂದೇ ಕರೆಯುತ್ತಾರೆ. ಅದು ಗೌರವ. ಆಮೇಲೆ ಅವಳ ಸ್ವಂತ ಹೆಸರು ಯಾರಿಗೂ ಬೇಕಾಗುವುದಿಲ್ಲ. ಹಣೆಯ ಮೇಲೆ ಕಲ್ಲೇಟಿನ ಗಾಯ ಒಣಗಿತ್ತು. ಕಣ್ಣಲ್ಲಿ ನೀರಿರಲಿಲ್ಲ.

"ಬಂದ್ರಾ ಮೇಡಂ," ಅಂದಳು. "ಮೂರು ವರ್ಷದಿಂದ ಬರ್ತೀನಿ ಬರ್ತೀನಿ ಅಂತಿದ್ರಿ. ಒಂದು ಹೆಣ ಬೀಳ್ಬೇಕಿತ್ತು."

ಪೆರುಸಿ ಫೋನು ತೆಗೆದು ಓದಿದಳು. "ನೈಕೋಬಾ. ಮೊದಲನೇ ವರ್ಷ ಎರಡು ಮಾತ್ರೆ, ನುಂಗಿದ್ದಾಳೆ. ಹೋದ ವರ್ಷ ಎರಡು, ನುಂಗಿದ್ದಾಳೆ. ಈ ವರ್ಷ ಎರಡು, ನುಂಗಿದ್ದಾಳೆ. ಮೂರೂ ಸಲ ವರದಿ ಬಂದಿರೋದು ನಿನ್ನ ನಂಬರಿಂದ."

"ಮೊದಲನೇ ವರ್ಷ ಕೊಟ್ಟಿದ್ದು ನಿಜ. ಊರಿಗೆ ಊರನ್ನೇ ನುಂಗ್ಸಿದೀನಿ. ಆಮೇಲೆ ಮಾತ್ರೇನೇ ಬಂದಿಲ್ಲ. ಬಂದಿದ್ರೆ ತಾನೆ ಕೊಡೋದು?"

"ನಂಬರ್ ನಿಂದು."

"ನಂಬರ್ ನಂದು. ಫೋನ್ ಎಲ್ಲಿದೆ ಕೇಳಿ. ಮೊದಲನೇ ಸಲ ಹಂಚಿ ಆದಮೇಲೆ ಎಲ್ಲಾ ಊರಿನವರದ್ದೂ ರಿಪೇರಿಗೆ ಅಂತ ಗುಡ್ಡದ ಆಸ್ಪತ್ರೆಗೆ ತರಿಸ್ಕೊಂಡ್ರು. ಕಿಟಕೀಲಿ ಕೊಟ್ಟೆ. ಅಲ್ಲಿ ಸ್ಟೋರ್ ನೋಡ್ಕೊಳ್ಳೋ ಮುಗೋಯಾ ಇಸ್ಕೊಂಡ. ಅವತ್ತಿಂದ ಬರುತ್ತೆ, ಬರುತ್ತೆ. ಮಾತ್ರೆ ಕೇಳಿದ್ರೂ ಅದೇ ಮಾತು."

ಸಿಕ್ಕಿಬಿದ್ದವರೆಲ್ಲ ಇನ್ನೊಬ್ಬರ ಹೆಸರು ಹೇಳುತ್ತಾರೆ. ಪೆರುಸಿಗೆ ಅದು ಗೊತ್ತಿತ್ತು. ಆದರೆ ಈ ಹೆಂಗಸು ಬೇಡಿಕೊಳ್ಳುತ್ತಿರಲಿಲ್ಲ. ಬೈಯುತ್ತಿದ್ದಳು. ತಪ್ಪು ಮಾಡಿದವರು ಅಷ್ಟು ನೆಮ್ಮದಿಯಾಗಿ ಬೈಯುವುದಿಲ್ಲ.

ಹೊರಗೆ ಬಂದರೆ ಬಾಲಿಕೋವಾ ಕಾದಿದ್ದ. ಗುಡ್ಡದ ಆಸ್ಪತ್ರೆಯ ಮುಖ್ಯಸ್ಥ. ಒಂಬತ್ತು ಊರುಗಳ ಮಾತ್ರೆ ಹಂಚಿಕೆಯ ಮೇಲ್ವಿಚಾರಕನೂ ಅವನೇ. ಜನ ಅವನನ್ನು ಡಾಕ್ಟರೆಂದೇ ಕರೆಯುತ್ತಿದ್ದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೊಂಟದಲ್ಲಿ ಬೀಗದಕೈ ಗೊಂಚಲು. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಕೈಯಲ್ಲಿ ಚಹಾದ ಫ್ಲಾಸ್ಕು.

"ಪೆರುಸಿ ಅಕ್ಕಾ, ಎಂಥ ದುಃಖ! ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದೆ. ಚಹಾ ತಗೊಳ್ಳಿ."

"ನಾಲೊಂಗೊ ಮಾತ್ರೆ ಬಂದಿಲ್ಲ ಅಂತಾಳೆ."

"ಬಂದಿದೆ. ಕೆಳಗೆ ಕಳಿಸಿದೀನಿ." ಬಾಲಿಕೋವಾ ದನಿ ತಗ್ಗಿಸಿದ. "ಒಬ್ಬನ ಮೇಲೆ ಹೇಳೋಕೆ ಮನಸ್ಸು ಬರಲ್ಲ. ಆದ್ರೂ ಹೇಳ್ಬೇಕು. ಮುಗೋಯಾ ದಡದಲ್ಲಿ ಔಷಧಿ ಅಂಗಡಿ ಇಟ್ಟಿದಾನೆ. ಒಳಗೆ ಬಿಳೀ ಡಬ್ಬಿ ಇದೆ ಅಂತ ಜನ ಆಡ್ಕೋತಾರೆ. ನಮ್ಮ ಮಾತ್ರೆ ಬರೋ ಡಬ್ಬಿ."

"ಬನ್ನಿ, ಹೋಗಿ ನೋಡೋಣ."

"ನಾನಾ? ನಂಗೆ ನೀರಿನ ಗಾಳಿ ಆಗಲ್ಲ ಅಕ್ಕಾ. ಈ ಮೀನಿನ ವಾಸನೆ..." ಕರವಸ್ತ್ರವನ್ನು ಇನ್ನಷ್ಟು ಒತ್ತಿಕೊಂಡ.

ಪೆರುಸಿ ಚಹಾ ಕುಡಿಯದೆ ಇಳಿಜಾರಿನಲ್ಲಿ ನಡೆದಳು. ಎಗೆಸಾ ಠಾಣೆಯ ಬಾಗಿಲು ಬಿಟ್ಟು ಕದಲಲಿಲ್ಲ.

* * *

ಮುಗೋಯಾನ ಅಂಗಡಿ ಒಂದು ಪೆಟ್ಟಿಗೆಯಷ್ಟಿತ್ತು. ಅವನು ಕುಳ್ಳ, ದಪ್ಪ, ಸದಾ ಬೆವರುವವ. ಡಬ್ಬಿ ಮೇಲಿನ ಹಲಗೆಯ ಮೇಲೇ ಇತ್ತು, ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ದೊಡ್ಡ ಬಿಳಿ ಡಬ್ಬಿ. ಹೊರಗೆ ಮಾತ್ರೆ ಹಂಚುವ ಕಾರ್ಯಕ್ರಮದ ಮುದ್ರೆ.

"ಇಳಿಸು."

"ಮೇಡಂ, ಅದು..."

"ಇಳಿಸು ಅಂದೆ."

ಇಳಿಸಿದ. ಭಾರ ಇತ್ತು. ಸಿಕ್ಕಿದ, ಅಂದುಕೊಂಡಳು ಪೆರುಸಿ. ಮುಚ್ಚಳ ತಿರುಗಿಸಿ ಬಗ್ಗಿಸಿದರೆ ಹಲಗೆಯ ಮೇಲೆ ಗಲಗಲ ಸುರಿದದ್ದು ದೋಣಿಗೆ ಹೊಡೆಯುವ ಮೊಳೆ. ಒಂದೂವರೆ ಇಂಚಿನವು, ಎರಡು ಇಂಚಿನವು, ತುಕ್ಕು ಹಿಡಿದ ನಾಲ್ಕು ಕೊಕ್ಕೆ.

"ನಾಲೊಂಗೊನೇ ಕೊಟ್ಟಿದ್ದು, ಖಾಲಿ ಮಾಡಿ," ಅಂದ ಮುಗೋಯಾ. "ಒಳ್ಳೆ ಡಬ್ಬಿ, ತೇವ ಹಿಡಿಯಲ್ಲ. ಮೊಳೆ ನುಂಗಿ ಯಾರ್ ಗುಣ ಆಗ್ತಾರೆ ಮೇಡಂ?"

ಪೆರುಸಿ ಡಬ್ಬಿಯ ತಳ ನೋಡಿದಳು. ತಾರೀಕು ಮೊದಲನೇ ವರ್ಷದ್ದು. ಆ ವರ್ಷದ ಮಾತ್ರೆಯನ್ನು ಊರು ನಿಜವಾಗಿ ನುಂಗಿತ್ತು. ಆಮೇಲಿನ ಎರಡು ವರ್ಷದ ಡಬ್ಬಿ ದಡದಲ್ಲಿ ಎಲ್ಲೂ ಇರಲಿಲ್ಲ. ಮೊಳೆ ತುಂಬಿಡಲೂ ಒಂದು ಸಿಕ್ಕಿರಲಿಲ್ಲ.

"ಫೋನುಗಳನ್ನ ಏನ್ ಮಾಡ್ದೆ?"

"ಒಂಬತ್ತನ್ನೂ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರೇ ತರಿಸಿದ್ದು."

"ಅವರು ನಿನ್ನ ಹೆಸರು ಹೇಳ್ತಾರೆ."

ಮುಗೋಯಾ ಹಣೆ ಒರೆಸಿಕೊಂಡ. "ಹೇಳ್ದೆ ಇರ್ತಾರಾ? ಅವರ ಅಂಗಿ ನೋಡಿ, ನನ್ನ ಅಂಗಿ ನೋಡಿ. ಜನ ಯಾರನ್ನ ನಂಬ್ತಾರೆ?"

* * *

ಯಾಯೇರಿಯ ಅಂಗಳದಲ್ಲಿ ಬಾಳೆ ಎಲೆಯ ಮೇಲೆ ಹೆಂಗಸರು ಕೂತಿದ್ದರು. ಗಂಡಸರು ದೂರದಲ್ಲಿ, ದೋಣಿಗಳ ನೆರಳಲ್ಲಿ. ಊರಿನ ಚೇರ್ಮನ್ ಕಿರುಂಡಾ ಎದ್ದು ಬಂದು, "ಬೇಗ ನೋಡಿ ಹೊರಡಿ ಮೇಡಂ. ಜನ ಬಿಸಿಯಾಗಿದಾರೆ," ಅಂದ. ನಾಲ್ಕು ಪೆಟ್ರೋಲ್ ಕ್ಯಾನು ಅವನ ಹಿಂದೆಯೇ ಸಾಲಾಗಿದ್ದವು.

ಒಳಗೆ ಚಾಪೆಯ ಮೇಲೆ ನೈಕೋಬಾ. ಪೆರುಸಿ ಮಂಡಿ ನೋವನ್ನು ಕಚ್ಚಿಕೊಂಡು ನೆಲಕ್ಕೆ ಮಂಡಿಯೂರಿದಳು. ಬಟ್ಟೆ ಸರಿಸಿದಳು. ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ. ಎಡ ಪಕ್ಕೆಯ ಕೆಳಗೆ ಊದಿ ಕಲ್ಲಿನಂತಾದ ಗುಲ್ಮ. ದ್ವೀಪದಲ್ಲಿ ಇದನ್ನು ನೂರು ಸಲ ಮುಟ್ಟಿದ್ದಳು. ದಡದ ನೀರಿನಲ್ಲಿ ಕಾಲಿಟ್ಟವರ ಚರ್ಮದೊಳಗೆ ನುಸುಳುವ ಹುಳು, ಯಕೃತ್ತಿನ ನಾಳಗಳಲ್ಲಿ ವರ್ಷಗಟ್ಟಲೆ ಮನೆ ಮಾಡುತ್ತದೆ. ಕೊನೆಗೊಂದು ದಿನ ರಕ್ತನಾಳ ಒಡೆಯುತ್ತದೆ. ವರ್ಷಕ್ಕೊಮ್ಮೆ ಊಟದ ಮೇಲೆ ಎರಡು ಮೂರು ಮಾತ್ರೆ ನುಂಗಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ.

ಅವಳ ಕಣ್ಣು ಹುಡುಗಿಯ ಪಾದಗಳ ಮೇಲೆ ನಿಂತಿತು. ಚಾಪೆ ದಾಟಿ ನೆಲಕ್ಕೆ ಚಾಚಿದ್ದವು.

ಎರಡು ಮಾತ್ರೆ?

"ನಾಲೊಂಗೊಳ ಅಳತೆಕೋಲು ಎಲ್ಲಿದೆ?" ಕೇಳಿದಳು.

ಮಾತ್ರೆ ಎಷ್ಟು ಕೊಡಬೇಕೆನ್ನುವುದನ್ನು ತೂಕದಿಂದ ನೋಡುವುದಿಲ್ಲ, ಎತ್ತರದಿಂದ ನೋಡುತ್ತಾರೆ. ಆಳೆತ್ತರದ ಕೋಲಿನ ಮೇಲೆ ಬಣ್ಣದ ಪಟ್ಟಿಗಳಿರುತ್ತವೆ. ತಲೆ ಯಾವ ಪಟ್ಟಿಗೆ ಮುಟ್ಟುತ್ತದೋ ಅಷ್ಟು ಮಾತ್ರೆ. ನೆರೆಯ ಹೆಂಗಸೊಬ್ಬಳು ಒಡೆದ ತಗಡಿನ ಮನೆಯಿಂದ ಕೋಲನ್ನು ತಂದಳು. ಸೂರಿನಲ್ಲಿ, ಗೋಣಿಯಲ್ಲಿ ಸುತ್ತಿಟ್ಟಿತ್ತಂತೆ. ಪಕ್ಕದುದ್ದಕ್ಕೂ ಚಾಕುವಿನ ಸಣ್ಣ ಸಣ್ಣ ಗೀರು, ಒಂದೊಂದರ ಪಕ್ಕ ಇದ್ದಿಲಿನಲ್ಲಿ ಒಂದೊಂದು ಮಗುವಿನ ಹೆಸರು. ಹೀಗೆ ಗೀರಬೇಕೆಂದು ನಾಲೊಂಗೊಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಲ್ಲ ಗೀರೂ ಒಂದೇ ವರ್ಷದವು. ಎರಡು ಮಾತ್ರೆಯ ಪಟ್ಟಿಯ ನಡುವೆ 'ನೈಕೋಬಾ' ಎಂದಿತ್ತು.

ಪೆರುಸಿ ಕೋಲನ್ನು ಹುಡುಗಿಯ ಪಕ್ಕ ಮಲಗಿಸಿದಳು.

"ಏನ್ ಮಾಡ್ತಿದ್ದೀಯಾ?" ಬಾಗಿಲಲ್ಲಿ ಯಾಯೇರಿ. ದನಿ ಒಡೆದುಹೋಗಿತ್ತು. "ಈಗ ಅಳೆಯೋಕೆ ಬಂದ್ಯಾ? ಶವಪೆಟ್ಟಿಗೆ ಅಳತೆ ನಾವು ಆಗ್ಲೇ ತಗೊಂಡಿದೀವಿ. ನಿಂಗೂ ಬೇಕಾ, ಫೋನಿಗೆ ಹಾಕ್ಕೊಳ್ಳೋಕೆ?"

ಪೆರುಸಿ ತಲೆ ತಗ್ಗಿಸಿದಳು. "ಬೈ. ಎಷ್ಟು ಬೇಕಾದ್ರೂ ಬೈ. ಒಂದೇ ಒಂದು ಕೇಳ್ತೀನಿ. ಇವಳು ಕೊನೇ ಸಲ ಈ ಕೋಲಿಗೆ ಬೆನ್ನು ಕೊಟ್ಟು ನಿಂತಿದ್ದು ಯಾವಾಗ?"

"ಒಂದೇ ಸಲ. ಹನ್ನೆರಡು ವರ್ಷ ಇದ್ದಾಗ. ಹೋದ ವರ್ಷ, ಈ ವರ್ಷ ನಾನೇ ಹೋಗಿ ಕೇಳ್ದೆ. ಬಂದಿಲ್ಲ ಅಂದ್ಳು. ಮಾರ್ಕೊಂಡು ಬಂದಿಲ್ಲ ಅಂದ್ಳು ಆ..."

"ನೋಡು."

ಹುಡುಗಿಯ ನೆತ್ತಿ ಮೂರು ಮಾತ್ರೆಯ ಪಟ್ಟಿಯಲ್ಲಿತ್ತು. ಹಳೆಯ ಗೀರಿಗೂ ನೆತ್ತಿಗೂ ನಡುವೆ ಒಂದು ಗೇಣು. ಯಾಯೇರಿ ಆ ಗೇಣಿನ ಮೇಲೆ ಕೈಯಿಟ್ಟು ಹಾಗೇ ಕೂತುಬಿಟ್ಟಳು.

ಪೆರುಸಿ ಹೊರಗೆ ಬಂದು ಮರದ ಬೇರಿನ ಮೇಲೆ ಕೂತು, ಫೋನಿನಲ್ಲಿ ಮೂರೂ ವರ್ಷದ ಪಟ್ಟಿ ಪಕ್ಕಪಕ್ಕ ತೆರೆದಳು. ಒಂದು ಹೆಸರು. ಇನ್ನೊಂದು. ಇಪ್ಪತ್ತು. ನಲವತ್ತು. ಆಮೇಲೆ ಎಣಿಸುವುದನ್ನು ಬಿಟ್ಟಳು. ಎರಡಿದ್ದವರಿಗೆ ಮೂರೂ ವರ್ಷ ಎರಡು. ಒಂದೂವರೆ ಇದ್ದವರಿಗೆ ಮೂರೂ ವರ್ಷ ಒಂದೂವರೆ. ಮೂರು ವರ್ಷದಲ್ಲಿ ಬುವಂಗಾದ ಒಂದು ಮಗುವೂ ಒಂದು ಬೆರಳು ಬೆಳೆದಿರಲಿಲ್ಲ. ಕೋಲಿನ ಎತ್ತರಕ್ಕೆ ಹೊಸದಾಗಿ ಬಂದ ಪುಟಾಣಿ ಒಂದೂ ಇರಲಿಲ್ಲ. ಊರಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ಮದುವೆಯಾಗಿ ಬಂದಿರಲಿಲ್ಲ. ನಾನೂರ ಹನ್ನೆರಡು, ನಾನೂರ ಹನ್ನೆರಡು, ನಾನೂರ ಹನ್ನೆರಡು.

ಮೊದಲ ವರ್ಷದ ನಿಜವಾದ ಪಟ್ಟಿಯನ್ನು ಯಾರೋ ಎರಡು ಸಲ ನಕಲು ಹೊಡೆದಿದ್ದರು. ಅವಳು ನೋಡಿದ್ದು ಕೆಳಗಿನ ಮೊತ್ತವನ್ನು ಮಾತ್ರ. ಹಸಿರು ಬಂದಿತ್ತು, ರುಜು ಹಾಕಿದ್ದಳು.

ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸಿತು. ಅಷ್ಟಕ್ಕೆ ಸಮಯವಿರಲಿಲ್ಲ. ಗಂಟೆ ಹನ್ನೆರಡಾಗಿತ್ತು.

* * *

ಠಾಣೆಯಲ್ಲಿ ನಾಲೊಂಗೊ ಬೇಯಿಸಿದ ಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಎಗೆಸಾ ತನ್ನ ಊಟದಲ್ಲಿ ಪಾಲು ಕೊಟ್ಟಿದ್ದ. ಪೆರುಸಿಗೂ ಒಂದು ತುಂಡು ಚಾಚಿದಳು. "ತಿನ್ನಿ. ಮುಖ ನೋಡಿದ್ರೆ ನೀವೇ ಒಳಗೆ ಕೂರೋ ಹಾಗಿದೀರಿ."

"ನಾಲೊಂಗೊ, ಎರಡು ವರ್ಷವೂ ವರದಿ ಬಂದಿರೋದು ಈಸ್ಟರ್ ಹಬ್ಬದ ಹಿಂದಿನ ಗುರುವಾರ ಮತ್ತೆ ಶುಕ್ರವಾರ. ಆ ದಿನ ನೀನೆಲ್ಲಿದ್ದೆ?"

ನಾಲೊಂಗೊ ಗೆಣಸು ಕೆಳಗಿಟ್ಟಳು. ಆಮೇಲೆ ನಕ್ಕಳು. ಬೇಸರದ ನಗು.

"ಈಸ್ಟರ್ ಬರೋದೇ ಹುಣ್ಣಿಮೆ ಹಿಂದೆ ಹಿಂದೇನೇ ಅಲ್ವಾ ಮೇಡಂ?"

"ಹೌದು."

"ಹುಣ್ಣಿಮೇಲಿ ಬೆಳ್ಳಿಮೀನು ಹಿಡಿಯೋಕಾಗುತ್ತಾ? ನಮ್ಮವರು ನೀರಿನ ಮೇಲೆ ಲಾಂದ್ರ ತೇಲಿಬಿಟ್ಟು ಮೀನು ಕರೀತಾರೆ. ಮೇಲೆ ಅಷ್ಟು ದೊಡ್ಡ ಲಾಂದ್ರ ಇದ್ರೆ ನಮ್ಮ ಲಾಂದ್ರಕ್ಕೆ ಯಾವ ಮೀನು ಬರುತ್ತೆ? ಆ ವಾರ ದೋಣಿ ಎಲ್ಲಾ ಮಗುಚಿ ಹಾಕಿರ್ತಾರೆ. ಗಂಡಸರು ಹುಟ್ಟೂರಿಗೆ ಹೋಗ್ತಾರೆ. ಅದರ ಮೇಲೆ ಹಬ್ಬ ಬೇರೆ, ಹೆಂಗಸರು ಮಕ್ಕಳೂ ಹೊರಟುಬಿಡ್ತಾರೆ. ದಡದಲ್ಲಿ ಉಳಿಯೋದು ನಾಯಿ, ಕೊಕ್ಕರೆ, ಎರಡು ಮೂರು ಮುದುಕೀರು. ನಾನೂರು ಜನಕ್ಕೆ ಮಾತ್ರೆ ಕೊಟ್ಟೆ ಅಂತ ಬರೆದಿದ್ರೆ ಆ ಬರೆದೋನು ಕೊಕ್ಕರೆಗೆ ನುಂಗಿಸಿರ್ಬೇಕು."

ಪೆರುಸಿ ಹುಟ್ಟಿದ್ದು ಒಳನಾಡಿನ ಕಬ್ಬಿನ ಸೀಮೆಯಲ್ಲಿ. ಅಲ್ಲಿ ಹಬ್ಬಕ್ಕೆ ಜನ ಮನೆಗೆ ಬರುತ್ತಾರೆ. ದ್ವೀಪದ ಆಸ್ಪತ್ರೆಯಲ್ಲಿದ್ದಾಗಲೂ ಆ ವಾರ ಅವಳು ರಜೆ ಹಾಕಿ ಊರಿಗೆ ಹೋಗುತ್ತಿದ್ದಳು. ವರದಿ ನೋಡಿದಾಗ ಅವಳಿಗೂ ಹಾಗೇ ಅನ್ನಿಸಿತ್ತು: ಹಬ್ಬದ ರಜೆ, ಎಲ್ಲರೂ ಮನೆಯಲ್ಲಿದ್ದಾರೆ, ಒಳ್ಳೆ ದಿನ ಆರಿಸಿದ್ದಾಳೆ. ದಡದವರು ಯಾರೂ ಆ ದಿನ ಆರಿಸುತ್ತಿರಲಿಲ್ಲ. ನಾಲೊಂಗೊ ಸುಳ್ಳು ಬರೆಯಬೇಕೆಂದರೂ ಕತ್ತಲ ಪಕ್ಷದ ಒಂದು ದಿನ ಬರೆಯುತ್ತಿದ್ದಳು. ಅಂಗಡಿ ಇಟ್ಟುಕೊಂಡು ದಡದವರ ಜೊತೆಗೇ ಬದುಕುವ ಮುಗೋಯಾನೂ ಅಷ್ಟೆ.

ಇದನ್ನು ಬರೆದವನು ಸರೋವರದ ಕಡೆ ಮುಖ ಹಾಕದವನು.

ಠಾಣೆಯ ಹತ್ತಿರ ಸಿಗ್ನಲ್ ಇತ್ತು. ಪೆರುಸಿ ಕಾರ್ಯಕ್ರಮದ ನಂಬರಿನಿಂದ ಒಂಬತ್ತು ಊರಿನ ಒಂಬತ್ತು ಹಂಚಿಕೆದಾರರಿಗೂ ಒಂದೇ ಸಂದೇಶ ಕಳಿಸಿದಳು. 'ಕೈಯಲ್ಲಿ ಎಷ್ಟು ಮಾತ್ರೆ ಉಳಿದಿದೆ? ತಕ್ಷಣ ತಿಳಿಸಿ.' ರಾಜಧಾನಿಯ ಯಂತ್ರ ಕೇಳಿದ ಹಾಗೆಯೇ ಇತ್ತು.

ಮೂವರೂ ಕಾದರು. ಎಗೆಸಾ ಬಾಗಿಲಿಗೆ ಒರಗಿ ನಿಂತಿದ್ದ. ದೂರದಿಂದ ಶವಪೆಟ್ಟಿಗೆಗೆ ಮೊಳೆ ಹೊಡೆಯುವ ಸದ್ದು ಕೇಳಿಸುತ್ತಿತ್ತು.

ನಾಲ್ಕು ನಿಮಿಷಕ್ಕೆ ಮೊದಲ ಉತ್ತರ. 'ಸೊನ್ನೆ. ಎಲ್ಲರೂ ನುಂಗಿದ್ದಾರೆ.' ಐದಕ್ಕೆ ಎರಡನೆಯದು. 'ಸೊನ್ನೆ. ಎಲ್ಲರೂ ನುಂಗಿದ್ದಾರೆ.' ಹನ್ನೊಂದು ನಿಮಿಷದಲ್ಲಿ ಒಂಬತ್ತೂ ಬಂದವು. ಒಂಬತ್ತರಲ್ಲೂ ಅದೇ ಮಾತು. ಏಳನೆಯದು ಬುವಂಗಾದಿಂದ.

ಪೆರುಸಿ ಪರದೆಯನ್ನು ನಾಲೊಂಗೊಳ ಮುಂದೆ ಹಿಡಿದಳು. "ಈಗಷ್ಟೇ ನೀನು ನಂಗೆ ಉತ್ತರ ಬರೆದೆ."

ನಾಲೊಂಗೊ ಗೆಣಸು ಮೆತ್ತಿದ ತನ್ನ ಎರಡೂ ಕೈ ಎತ್ತಿ ಎಗೆಸಾನಿಗೆ ತೋರಿಸಿದಳು. "ನೋಡಪ್ಪಾ ಹವಾಲ್ದಾರಾ. ಯಾವ ಕೈಲಿ ಬರೆದೆ?"

ಎಗೆಸಾ ಬೆಲ್ಟು ಬಿಗಿಮಾಡಿಕೊಂಡು ಟೋಪಿ ಹಾಕಿಕೊಂಡ.

"ಚೇರ್ಮನ್‌ನ ಕರೆಸಿ," ಅಂದಳು ಪೆರುಸಿ. "ಯಾಯೇರೀನೂ ಬರ್ಲಿ. ಮುಗೋಯಾನೂ ಬರ್ಲಿ. ನಾಲೊಂಗೊ, ನೀನೂ ನಡಿ. ಕೋಲು ತಗೋ."

* * *

ಬಾಲಿಕೋವಾ ತನ್ನ ಕೋಣೆಯಲ್ಲಿ ಎದ್ದು ನಿಂತು ಎಲ್ಲರನ್ನೂ ಬರಮಾಡಿಕೊಂಡ. ಗೋಡೆಯ ಮೇಲೆ ಹಸಿರು ನಕಾಶೆ, ಚೌಕಟ್ಟು ಹಾಕಿಸಿದ್ದು. ಅದರ ಕೆಳಗೆ ಕಬ್ಬಿಣದ ಬೀರು. ಬುವಂಗಾದವರು ಇಪ್ಪತ್ತು ಮೂವತ್ತು ಜನ ಅಂಗಳದಲ್ಲಿ, ಕಿಟಕಿಯಲ್ಲಿ ಮುತ್ತಿಕೊಂಡರು. ಒಬ್ಬನ ಕೈಯಲ್ಲಿ ಪೆಟ್ರೋಲ್ ಕ್ಯಾನು ಇನ್ನೂ ಇತ್ತು.

"ಕೂತ್ಕೊಳ್ಳಮ್ಮಾ ಯಾಯೇರಿ," ಅಂದ ಬಾಲಿಕೋವಾ ಮೆತ್ತಗೆ. ಈ ಕಡೆ ಹೆಂಗಸರು ದೊಡ್ಡವರ ಮುಂದೆ ಮಂಡಿಯೂರಿ ವಂದಿಸುತ್ತಾರೆ. ಯಾಯೇರಿ ನಿಂತೇ ಇದ್ದಳು.

"ಮುಗೋಯಾ ಒಪ್ಪಿಕೊಂಡ್ನಾ ಅಕ್ಕಾ?"

"ಅವನ ಡಬ್ಬೀಲಿ ಮೊಳೆ ಇತ್ತು," ಅಂದಳು ಪೆರುಸಿ. "ಫೋನುಗಳನ್ನ ನಿಮಗೆ ಕೊಟ್ಟೆ ಅಂತಾನೆ."

"ಸುಳ್ಳು! ಆ ಫೋನುಗಳನ್ನ ನಾನು ನೋಡೇ ಇಲ್ಲ."

"ಸರಿ."

ಪೆರುಸಿ ತನ್ನ ಫೋನು ತೆಗೆದು ಮತ್ತೊಮ್ಮೆ ಅದೇ ಸಂದೇಶ ಕಳಿಸಿದಳು. ಒಂಬತ್ತು ನಂಬರಿಗೂ.

ಒಂದು ಕ್ಷಣ ಏನೂ ಆಗಲಿಲ್ಲ. ಬಾಲಿಕೋವಾ ಕರವಸ್ತ್ರ ತೆಗೆದ. ಆಮೇಲೆ ಕಬ್ಬಿಣದ ಬೀರುವಿನೊಳಗೆ ಏನೋ ಕೀಂ ಅಂದಿತು, ಬುಟ್ಟಿ ಮುಚ್ಚಿಟ್ಟ ಕೋಳಿಮರಿಯ ಹಾಗೆ. ಇನ್ನೊಂದು ಕೀಂ. ಮತ್ತೊಂದು. ಹಿಂದೆ ಹಿಂದೆ. ಕಿರುಂಡಾ ಬೆರಳು ಮಡಿಚುತ್ತಿದ್ದ. ಒಂಬತ್ತನೆಯ ಬೆರಳಿಗೆ ಸದ್ದು ನಿಂತಿತು.

"ಬೀಗದಕೈ," ಅಂದ ಎಗೆಸಾ.

"ಅದು... ಅದು ಕಚೇರಿ ಸಾಮಾನು..."

ಎಗೆಸಾ ಗೊಂಚಲನ್ನು ಸೊಂಟದಿಂದ ಕಿತ್ತುಕೊಂಡ. ಬೀರುವಿನೊಳಗೆ ಹಲಗೆಯ ಮೇಲೆ ಒಂಬತ್ತು ಪುಟ್ಟ ಫೋನು, ಚಾರ್ಜಿಗೆ ಹಾಕಿ ಸಾಲಾಗಿ ಜೋಡಿಸಿದ್ದವು. ಒಂದೊಂದರ ಬೆನ್ನಿಗೂ ಚೀಟಿ ಅಂಟಿಸಿ ಚಂದದ ಅಕ್ಷರದಲ್ಲಿ ಊರಿನ ಹೆಸರು. ನಾಲೊಂಗೊ ತನ್ನದನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು. "ರಿಪೇರಿ ಚೆನ್ನಾಗೇ ಆಗಿದೆ," ಅಂದಳು.

ಆದರೆ ಪೆರುಸಿಗೆ ಬೇಕಾದದ್ದು ಇನ್ನೂ ಸಿಕ್ಕಿರಲಿಲ್ಲ. "ಹಿಂದಿನ ಕೋಣೆ ತೆಗೀರಿ."

ಮುಗೋಯಾ ತಲೆಯಾಡಿಸಿದ. "ಅದರ ಬೀಗದಕೈ ನನ್ನ ಹತ್ರ ಯಾವತ್ತೂ ಇರ್ಲಿಲ್ಲ ಮೇಡಂ. ಮುರಿದ ಮಂಚ ಇದೆ ಅಂತಿದ್ರು."

ಮಂಚ ಇತ್ತು. ಅದರ ಮೇಲೆ ಸೊಳ್ಳೆಪರದೆಗಳ ಮೂಟೆ. ಮೂಟೆ ಸರಿಸಿದರೆ ರಟ್ಟಿನ ಪೆಟ್ಟಿಗೆಗಳು, ಗೋಡೆಯುದ್ದಕ್ಕೂ, ಎದೆಯೆತ್ತರ. ಪೆರುಸಿ ಒಂದನ್ನು ಹರಿದಳು. ಬಿಳಿ ಡಬ್ಬಿ. ಮುದ್ರೆ ಒಡೆದಿಲ್ಲ. ಇನ್ನೊಂದು. ಒಡೆದಿಲ್ಲ. ಒಂದು ಮಾತ್ರೆಯೂ ಮಾರಿಲ್ಲ, ಒಂದೂ ಕದ್ದಿಲ್ಲ. ಒಂಬತ್ತು ಊರಿನ ಎರಡು ವರ್ಷದ ಮಾತ್ರೆ ಧೂಳು ತಿನ್ನುತ್ತಾ ಕೂತಿತ್ತು. ಹೋದ ವರ್ಷದ್ದಕ್ಕೆ ಅವಧಿ ಮುಗಿದಿತ್ತು.

ಕಳ್ಳನಾಗಿದ್ದರೆ ಚೆನ್ನಾಗಿತ್ತು ಎನಿಸಿತು ಪೆರುಸಿಗೆ. ಕದ್ದು ಮಾರಿದ್ದರೆ ಎಲ್ಲೋ ಒಂದು ಮಗುವಾದರೂ ಕೊಂಡು ನುಂಗಿರುತ್ತಿತ್ತು.

"ನಾನು ಹೇಳ್ತೀನಿ, ಎಲ್ಲರೂ ಕೇಳಿ," ಅಂದಳು. "ಮೊದಲನೇ ವರ್ಷ ನಾಲೊಂಗೊ ನಿಜವಾಗಿ ಅಳೆದು ನಿಜವಾಗಿ ಕೊಟ್ಟಳು. ಎರಡನೇ ವರ್ಷ ಮಾತ್ರೆ ಬಂದಾಗ ಇವರು ದೋಣಿ ಹತ್ತಿ ಒಂಬತ್ತು ಊರಿಗೆ ಮುಟ್ಟಿಸ್ಬೇಕಿತ್ತು. ನೀರು ಅಂದ್ರೆ ಹೆದರಿಕೆ, ಮೀನು ಅಂದ್ರೆ ಹೇಸಿಗೆ. ಫೋನು ಎಲ್ಲಾ ಮೊದಲೇ ತರಿಸ್ಕೊಂಡಿದ್ರು. ಹಳೇ ಪಟ್ಟೀನೇ ಮತ್ತೆ ಒತ್ತಿ ಕಳಿಸಿದ್ರು. ಮಕ್ಕಳು ಬೆಳೀತಾರೆ ಅನ್ನೋದು ಮರೆತರು. ಹಬ್ಬದ ವಾರ ಆಸ್ಪತ್ರೆ ಖಾಲಿ ಇರುತ್ತೆ, ಕೂತು ಒತ್ತೋಕೆ ಪುರುಸೊತ್ತು ಅಂತ ಆ ವಾರ ಆರಿಸಿದ್ರು. ಹುಣ್ಣಿಮೇಲಿ ದಡದಲ್ಲಿ ಜನ ಇರಲ್ಲ ಅನ್ನೋದು ಇವರಿಗೆ ಗೊತ್ತೇ ಇಲ್ಲ. ಹದಿನಾಲ್ಕು ವರ್ಷ ಈ ಗುಡ್ಡದ ಮೇಲಿದ್ದು, ಕೆಳಗಿನವರು ಯಾವಾಗ ಇರ್ತಾರೆ ಯಾವಾಗ ಇರಲ್ಲ ಅಂತ ಗೊತ್ತಿಲ್ಲ. ಇವತ್ತು ಯಂತ್ರ ಕೇಳಿತು ಅಂದ್ಕೊಂಡು ಒಂಬತ್ತು ಊರಿನ ಬಾಯಿಂದ ಇವರೊಬ್ಬರೇ ಉತ್ತರ ಕೊಟ್ರು. ಅದರಲ್ಲಿ ಒಬ್ಬಳು ನನ್ನ ಪಕ್ಕದಲ್ಲಿ, ಬೀಗದೊಳಗೆ, ಗೆಣಸು ತಿಂತಿದ್ದಳು."

ಬಾಲಿಕೋವಾನ ಮೆತ್ತನೆಯ ದನಿ ಮಾಯವಾಗಿತ್ತು. "ಹಸ್ರು ಬೇಕು ಹಸ್ರು ಬೇಕು ಅಂತ ಪ್ರತಿ ತಿಂಗಳು ಫೋನ್ ಮಾಡ್ತಿದ್ದೋರು ಯಾರು? ನೀವು! ಒಂದು ಸಲ ಬಂದು ನೋಡಿದ್ರಾ? ನುಂಗಿಸಿದ್ರೂ ಇವರು ಮರುದಿನ ಅದೇ ನೀರಿಗೆ ಇಳೀತಾರೆ. ಏನ್ ಪ್ರಯೋಜನ?"

ಅವನ ಮೊದಲ ಮಾತು ನಿಜವಾಗಿತ್ತು. ಅದಕ್ಕೇ ಪೆರುಸಿಯ ಸಿಟ್ಟು ಇನ್ನೂ ಉರಿಯಿತು.

"ಬಂದು ನೋಡ್ಲಿಲ್ಲ," ಅಂದಳು. "ಅದನ್ನ ನನ್ನ ಹೆಸರಲ್ಲೇ ಬರೀತೀನಿ. ನಿಮ್ಮ ಹೆಸರಿನ ಕೆಳಗೆ."

ಯಾಯೇರಿ ಮುಂದೆ ಬಂದಳು. ನಾಲೊಂಗೊಳ ಕೈಯಿಂದ ಕೋಲು ಇಸಿದುಕೊಂಡು ಬಾಲಿಕೋವಾನ ಬೆನ್ನಿಗೆ ನಿಲ್ಲಿಸಿದಳು. ಅವನು ಕದಲಲಿಲ್ಲ. ಅವಳು ತಲೆಯೆತ್ತಿ ಪಟ್ಟಿ ನೋಡಿದಳು.

"ಇವನು ಪೂರ್ತಿ ಬೆಳೆದಿದಾನೆ," ಅಂದಳು. "ಐದು ಮಾತ್ರೆ ಅಳತೆ."

ಕ್ಯಾನು ಹಿಡಿದಿದ್ದವನು ಒಂದು ಹೆಜ್ಜೆ ಒಳಗಿಟ್ಟ. ಯಾಯೇರಿ ತಿರುಗದೆಯೇ ಹೇಳಿದಳು. "ಇಡೋ ಅದನ್ನ ಕೆಳಗೆ. ಇವತ್ತು ಇವಳನ್ನ ಸುಡೋಕೆ ಹೊರಟಿದ್ರಿ. ನಿನ್ನೆ ನಾನೂ ಕಲ್ಲು ಹೊಡೆದೆ. ಸಾಕು. ಇವನು ಕೋರ್ಟಲ್ಲಿ ನಿಂತು ನನ್ನ ಮಗಳ ಹೆಸರು ಹೇಳ್ಬೇಕು. ಸುಟ್ರೆ ಬಾಯಿ ಇರಲ್ಲ."

ಎಗೆಸಾ ಬಾಲಿಕೋವಾನ ಬಿಳಿ ತೋಳನ್ನು ಹಿಡಿದ.

* * *

ನಾಲ್ಕು ಗಂಟೆಗೆ ನೈಕೋಬಾಳನ್ನು ಮಣ್ಣು ಮಾಡಿದರು. ಅದಕ್ಕೆ ಮುಂಚೆ, ಪೆಟ್ಟಿಗೆ ಮುಚ್ಚುವ ಮೊದಲು, ನಾಲೊಂಗೊ ಕೋಲು ತಂದು ಹುಡುಗಿಯ ನೆತ್ತಿಗೆ ಸರಿಯಾಗಿ ಚಾಕುವಿನಿಂದ ಒಂದು ಗೀರು ಹಾಕಿದಳು. ಯಾಯೇರಿ ಇದ್ದಿಲು ಕೊಟ್ಟಳು. ಒಬ್ಬಳ ಹಣೆಯ ಗಾಯವನ್ನು ಇನ್ನೊಬ್ಬಳು ನೋಡಿಯೂ ನೋಡದ ಹಾಗೆ ಇದ್ದಳು.

ವಾಪಸು ಹೊರಟ ಪೆರುಸಿ ಠಾಣೆಯ ಮುಂದೆ ಬೈಕು ನಿಲ್ಲಿಸಿ ಫೋನು ತೆಗೆದಳು. ಹುಡುಗಿಯ ಹೆಸರು ಹುಡುಕಿದಳು. ಹೋದ ವರ್ಷ, ಎರಡು ಅಳಿಸಿ ಸೊನ್ನೆ. ಈ ವರ್ಷ, ಎರಡು ಅಳಿಸಿ ಸೊನ್ನೆ. ಖಚಿತವೇ ಎಂದು ಫೋನು ಕೇಳಿತು. ಒತ್ತಿದಳು. ತಕ್ಷಣ ಯಂತ್ರದ ಉತ್ತರ ಬಂತು. 'ಧನ್ಯವಾದಗಳು. ನಿಮ್ಮ ವರದಿ ತಲುಪಿದೆ.' ಫೋನನ್ನು ಗುಡ್ಡದ ಕೆಳಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಬುವಂಗಾದ ಉಳಿದವರು, ಇನ್ನೂ ಎಂಟು ಊರು, ಮೂರು ಸಾವಿರಕ್ಕೂ ಹೆಚ್ಚು ಹೆಸರು ಬಾಕಿ ಇತ್ತು.

ನಾಲೊಂಗೊ ಏದುಸಿರು ಬಿಡುತ್ತಾ ಇಳಿಜಾರು ಹತ್ತಿ ಬಂದಳು. ಒಡೆದ ಮನೆಗೆ ತಗಡು ಕೇಳುತ್ತಾಳೆಂದುಕೊಂಡಳು ಪೆರುಸಿ. ಕೇಳಲಿಲ್ಲ. ಥ್ಯಾಂಕ್ಸ್ ಕೂಡ ಹೇಳಲಿಲ್ಲ.

"ಈ ವರ್ಷದ ಡಬ್ಬಿ ಇನ್ನೂ ಚೆನ್ನಾಗಿದೆ ತಾನೆ?"

"ಚೆನ್ನಾಗಿದೆ."

"ಅಮಾವಾಸ್ಯೆಗೆ ಇನ್ನು ನಾಲ್ಕು ದಿನ. ಅವತ್ತು ಊರೆಲ್ಲಾ ದಡದಲ್ಲೇ ಇರುತ್ತೆ. ಬೆಳಗ್ಗೆ ಎಂಟಕ್ಕೆ ದೋಣಿ ಬರ್ತಾವೆ. ಒಂಬತ್ತಕ್ಕೆ ಎಲ್ಲರ ಹೊಟ್ಟೇಲೂ ಮುದ್ದೆ ಇರುತ್ತೆ. ಆಗ ಕೊಡ್ಬೇಕು. ಖಾಲಿ ಹೊಟ್ಟೇಲಿ ಕೊಟ್ರೆ ಕಕ್ಕಿಬಿಡ್ತಾರೆ."

"ಬರ್ತೀನಿ. ಹೊರಡೋ ಮುಂಚೆ ಫೋನ್ ಮಾಡಿ..."

"ಫೋನ್ ಬೇಡ," ಅಂದಳು ನಾಲೊಂಗೊ. "ನೀನೇ ಬಾ."